ಮೂರು ಮನೆಯ ಬಾತುಗಳು

ವಿಲೆಟಾ ಪ್ರೂಯಿಟ್ ತನ್ನ ಮೂರು ಬಾತುಕೋಳಿಗಳಿಗೆ ಇಟ್ಟಿದ್ದು ಕಾರು ಕಾರ್ಖಾನೆಯ ಮೇಸ್ತ್ರಿಗಳ ಹೆಸರು: ಮಿಸ್ಟರ್ ಕೋಲ್, ಮಿಸ್ಟರ್ ಡನ್, ಮಿಸ್ಟರ್ ಬ್ರಿಗ್ಸ್. ಮೂರೂ ಹೆಣ್ಣು, ಮೂರೂ ಮೊಟ್ಟೆಯಿಡುತ್ತಿದ್ದವು. ಅವಳು ಕಾರಿನ ಸೀಟು ಹೊಲಿಯುತ್ತಿದ್ದ ಕಾಲದಲ್ಲಿ, ಉಚ್ಚೆಗೆ ಹೋಗಲೂ ಆ ಗಂಡಸರ ಅಪ್ಪಣೆ ಕೇಳಬೇಕಿತ್ತು. ಈಗ ಸಂಜೆಯಾದರೆ ಅವಳು "ನಡೀರಿ ಒಳಗೆ" ಅನ್ನುತ್ತಿದ್ದಳು. ಮೇಸ್ತ್ರಿಗಳು ಸಾಲಾಗಿ ಕುಂಡಿ ಕುಣಿಸುತ್ತ ಗೂಡು ಸೇರುತ್ತಿದ್ದರು.

ಎದುರು ಸಾಲಿನ ಹಳೇ ಮನೆಗಳನ್ನು ಕೊಂಡು, ಬಣ್ಣ ಬಳಿದು ಮಾರುತ್ತಿದ್ದ ಕಂಪನಿಗೆ ಇದು ಹಿಡಿಸಲಿಲ್ಲ. ದೂರು ಹೋಯಿತು. ನಗರಸಭೆಯ ಇನ್‌ಸ್ಪೆಕ್ಟರ್ ಹ್ಯಾಲೊರನ್ ಬಂದು ಹಿತ್ತಲ ಪ್ಲಾಸ್ಟಿಕ್ ತೊಟ್ಟಿಯಲ್ಲಿ ತಲೆ ಮುಳುಗಿಸಿ ಬಾಲ ಎತ್ತಿದ್ದ ಮೂವರನ್ನೂ ನೋಡಿದ.

"ಒಂದು ಮನೆಗೆ ಒಂದೇ ಹಕ್ಕಿ ಅಂತ ರೂಲಿದೆ, ಮೇಡಂ. ಮುಂದಿನ ವಾರ ಬರ್ತೀನಿ. ಅಷ್ಟರಲ್ಲಿ ಎರಡನ್ನ ಸಾಗಿಸ್ಬಿಡಿ. ಇಲ್ಲಾಂದ್ರೆ ನಾನೇ ಗಾಡಿ ತರ್ಬೇಕಾಗುತ್ತೆ."

"ರೂಲು ಮಾಡಿದೋರು ಬಾತು ನೋಡಿದಾರಾ, ಮಗಾ? ತಟ್ಟೇಲಲ್ಲ, ನೆಲದ ಮೇಲೆ."

ಹ್ಯಾಲೊರನ್ ನೋಟೀಸು ಬರೆದುಕೊಟ್ಟು ಹೋದ. ಕಾರ್ಖಾನೆ ಈ ಬೀದಿಗೆ ವರ್ಷಾನುಗಟ್ಟಲೆ ಹೊಗೆ ಕುಡಿಸಿದಾಗ ಒಬ್ಬ ಇನ್‌ಸ್ಪೆಕ್ಟರೂ ಈ ಕಡೆ ತಲೆ ಹಾಕಿರಲಿಲ್ಲ. ಈಗ ಮೂರು ಬಾತು ಕಣ್ಣಿಗೆ ಬಿದ್ದವು.

ವಿಲೆಟಾ ಅಕ್ಕಪಕ್ಕದವರನ್ನು ಕರೆದಳು. ಒಂದು ಮನೆಗೆ ಒಂದು ತಾನೆ, ಮೂರು ಮನೆಗೆ ಮೂರು. ಎಡಗಡೆ ಮನೆಯ ಮುದುಕ ಒಡೆಲ್ ಮಿಸ್ಟರ್ ಡನ್‌ನನ್ನು ಕಂಕುಳಲ್ಲಿ ಇರುಕಿಕೊಂಡು ಹೋದ. ಬಲಗಡೆಯ ಮರಿಸೋಲ್ ಮಿಸ್ಟರ್ ಕೋಲ್‌ನನ್ನು ಎತ್ತಿಕೊಂಡಳು. ಎಲ್ಲರೂ ಕಾನೂನನ್ನು ಗೆದ್ದೆವೆಂದು ನಕ್ಕರು.

ಬಾತುಗಳು ನಗಲಿಲ್ಲ. ಸಂಜೆಗೆ ಮಿಸ್ಟರ್ ಡನ್ ಎಡಬೇಲಿಗೆ ಎದೆಯೊತ್ತಿ ಕಿರುಚಿತು, ಮಿಸ್ಟರ್ ಕೋಲ್ ಬಲಬೇಲಿಯಿಂದ ಉತ್ತರಿಸಿತು. ನಡುವೆ ಮಿಸ್ಟರ್ ಬ್ರಿಗ್ಸ್ ಆ ತುದಿಗೊಮ್ಮೆ ಈ ತುದಿಗೊಮ್ಮೆ ಓಡಿತು. ಬೆಳಗಾದರೆ ಕಾಳು ಇಟ್ಟಲ್ಲೇ ಇತ್ತು. ಮೂರನೆಯ ದಿನ ಬ್ರಿಗ್ಸ್ ನೀರಿಗೂ ಇಳಿಯದೆ, ಕೊಕ್ಕನ್ನು ರೆಕ್ಕೆಯೊಳಗೆ ತೂರಿಸಿ ಮುದುಡಿ ಕೂತಿತು.

"ನಾವೇ ಆ ಕಂಪನಿಯವರ ಕೆಲಸ ಮಾಡಿಕೊಟ್ವಿ," ಎಂದಳು ವಿಲೆಟಾ. "ಅವರು ದೂರ ಮಾಡಿ ಅಂದ್ರು, ಮಾಡಿದ್ವಿ. ಒಡೆಲ್, ಬೇಲಿ ತೆಗಿ."

ಒಡೆಲ್ ಮುಖ ಗಂಟಿಕ್ಕಿದ. "ಈ ತಂತಿ ಬೇಲಿ ನಾನೇ ಹಾಕಿದ್ದು, ವಿಲೆಟಾ. ಈ ಬೀದೀಲಿ ಕಾರು ಕಳುವಾಗ್ತಿದ್ದ ಕಾಲದಲ್ಲಿ. ಒಂದು ಕಂಬನೂ ವಾಲಿಲ್ಲ ನೋಡು."

"ವಾಲಿಲ್ಲ, ನೋಡ್ತಾನೇ ಇದೀನಿ. ಕದಿಯೋಕೆ ನಿನ್ನ ಹತ್ರ ಈಗ ಕಾರೆಲ್ಲಿದೆ?"

"ಇಲ್ಲ ಬಿಡು."

"ಮತ್ತೆ ಯಾರನ್ನ ಕಾಯ್ತಿದೆ ಅದು?"

ಮರಿಸೋಲ್ ಬಾಯಿ ಮುಚ್ಚಿಕೊಂಡು ನಕ್ಕಳು. "ಮಿಸ್ ವಿಲೆಟಾ, ನನ್ನ ಕಡೆ ಬೇಲೀನ ನಾನೇ ಕೀಳ್ತೀನಿ. ಅದು ಮೊದ್ಲೇ ತುಕ್ಕು ಹಿಡಿದಿದೆ, ಬೈದ್ರೂ ಬೀಳುತ್ತೆ."

ಒಡೆಲ್ ಮಿಸ್ಟರ್ ಡನ್ ಕಡೆ ನೋಡಿದ. ಅದರ ಎದೆಯ ಗರಿ ತಂತಿಗೆ ಉಜ್ಜಿ ಉದುರಿತ್ತು. ಒಳಗೆ ಹೋಗಿ ದೊಡ್ಡ ಇಕ್ಕಳ ತಂದು, ಮೊದಲ ತಂತಿಯನ್ನು ತಾನೇ ಕತ್ತರಿಸಿದ.

ಹ್ಯಾಲೊರನ್ ಗಾಡಿ ತಂದೇ ಬಂದ. ತೊಟ್ಟಿಯಲ್ಲಿ ಮೂರು ಬಾಲ ಆಕಾಶ ನೋಡುತ್ತಿದ್ದವು. ವಿಲೆಟಾಳ ಅಕ್ಕಪಕ್ಕ ಒಡೆಲ್, ಮರಿಸೋಲ್ ನಿಂತಿದ್ದರು.

"ಮೂರಿವೆ, ಮೇಡಂ."

"ಮನೆನೂ ಮೂರಿವೆ. ಒಂದು ಇವನದು, ಒಂದು ಅವಳದು, ಬ್ರಿಗ್ಸ್ ನನ್ನದು."

"ಎಲ್ಲ ನಿಮ್ಮ ಹಿತ್ತಲಲ್ಲೇ ಇವೆಯಲ್ಲ. ಬೇಲಿ ಎಲ್ಲಿ ಹೋಯ್ತು?"

"ಬೇಲಿ ಇರ್ಲೇಬೇಕು ಅಂತ ರೂಲಿದ್ರೆ ತೋರ್ಸು."

ಮೂರೂ ಬಾತು ನೀರಿನಿಂದೆದ್ದು, ಅವನ ಬೂಟಿನ ಮೇಲೆ ಮೈ ಕೊಡವಿ, ಒಡೆಲ್‌ನ ನೆಲದತ್ತ ಸಾಲಾಗಿ ನಡೆದವು. ಹ್ಯಾಲೊರನ್ ನಿಟ್ಟುಸಿರಿಟ್ಟ.

"ನಾನು ಇವತ್ತು ಹೋಗ್ತೀನಿ. ಆ ಕಂಪನಿಯವರು ಸುಮ್ಮನಿರಲ್ಲ, ಮೇಡಂ. ಹೊಸ ರೂಲು ತರ್ತಾರೆ."

"ತರ್ಲಿ. ಈ ಸಾಲಲ್ಲಿ ಇನ್ನೂ ಬೇಕಾದಷ್ಟು ಬೇಲಿ ಇದೆ, ಒಡೆಲ್ ಹತ್ರ ಇಕ್ಕಳನೂ ಇದೆ."

ಖಾಲಿ ಗಾಡಿ ತಿರುಗಿ ಹೋಯಿತು. ವಿಲೆಟಾ ತೊಟ್ಟಿಯನ್ನು ಓರೆ ಮಾಡಿ, ಬಾತುಗಳು ಕದಡಿದ ಕೊಳಕು ನೀರನ್ನು ಬೇಲಿ ಕಂಬ ಕಿತ್ತ ಗುಣಿಗಳಿಗೆ ಹರಿಸಿದಳು. ಆಮೇಲೆ ಮಂಡಿಯೂರಿ, ಒಂದೊಂದು ಗುಣಿಗೂ ಒಂದೊಂದು ಕಾಲರ್ಡ್ ಸೊಪ್ಪಿನ ಸಸಿ ನೆಟ್ಟು, ಸುತ್ತಲಿನ ಮಣ್ಣನ್ನು ಅಂಗೈಯಿಂದ ಒತ್ತಿ ಗಟ್ಟಿ ಮಾಡಿದಳು.