ಹಸಿರು ಟೇಪಿನ ಪಾತ್ರೆ

ಫ್ಲಾಸ್ಕಿನ ಮುಚ್ಚಳ ತಿರುಗಿತು, ಕಿರ್ ಕಿರ್ ಕಿರ್, ಏಲಕ್ಕಿ ಟೀ ವಾಸನೆ ವ್ಯಾನಿನ ತುಂಬ, ಈಗ ಸುರಿಯುತ್ತಾನೆ ಜುಬೈರ್, ಮೊದಲು ನನಗೆ ಆಮೇಲೆ ಅವನಿಗೆ, ನಾಲ್ಕು ವರ್ಷದಿಂದ ಹಾಗೇ — ಇಲ್ಲ, ಒಂದೇ ಮುಚ್ಚಳ ಸುರಿದುಕೊಂಡ, ಅವನೇ ಕುಡಿಯುತ್ತಿದ್ದಾನೆ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ಆಚೆ ಏನಿದೆ ಮಣ್ಣು, ಈ ಸ್ಟರ್ಲಿಂಗ್ ಅನ್ನೋ ಊರಿನಲ್ಲಿ ಇನ್ನೇನಿರುತ್ತದೆ, ಒಂದು ಡೇಟಾ ಸೆಂಟರು, ಅದರ ಪಕ್ಕ ಇನ್ನೊಂದು ಡೇಟಾ ಸೆಂಟರು, ಬೂದು ಬಣ್ಣದ ಬೋಳು ಗೋಡೆ, ನನ್ನ ಮುಖಕ್ಕಿಂತ ಆ ಗೋಡೆಯೇ ವಾಸಿ ಜುಬೈರ್‌ಗೆ. ಅವನ ತಾಯಿ ತೀರಿಕೊಂಡು ಹನ್ನೊಂದು ದಿನವಾಯಿತು, ಇವತ್ತೇ ಮೊದಲು ಕೆಲಸಕ್ಕೆ ಬಂದಿದ್ದಾನೆ, ಸೆಂಟರ್‌ವಿಲ್‌ನ ಅವನ ಮನೆಯಿಂದ ಇಲ್ಲಿಯವರೆಗೆ ಒಂದು ಮಾತಿಲ್ಲ, ಬೆಳಿಗ್ಗೆ ವ್ಯಾನ್ ಹತ್ತುವಾಗ ಸೀಟಿನ ಮೇಲಿದ್ದ, ಕೇಬಲ್ಲಿಗೆ ಗುರುತು ಸುತ್ತುವ ಬಣ್ಣದ ಟೇಪಿನ ಸುರುಳಿಗಳನ್ನು ಎತ್ತಿ ಹಿಂದಕ್ಕೆ ಎಸೆದ, ಅಷ್ಟೇ, ಹಸಿರು ಟೇಪು ಉರುಳಿಕೊಂಡು ಬಂದು ನನ್ನ ಕಾಲ ಹತ್ತಿರ ಬಿದ್ದಿದೆ, ಬಿದ್ದಿರಲಿ. ಗೇಟಿನಲ್ಲಿ ಕಾವಲಿನ ಡಗ್ ಬರಬೇಕು, ನಮ್ಮ ಬ್ಯಾಡ್ಜು ನೋಡಬೇಕು, ನೋಡಿದ ಮೇಲೂ ನನ್ನನ್ನು ಜುಬೈರ್ ಅನ್ನುತ್ತಾನೆ ಅವನನ್ನು ಶ್ರೇಯಸ್ ಅನ್ನುತ್ತಾನೆ, ಯು ಗೈಸ್ ಬ್ರದರ್ಸ್ ಅಂತ ಕೇಳಿದ್ದ ಮೊದಲ ವಾರ, ಜುಬೈರ್ ನಗುತ್ತಾ ಹೌದು ಡಗ್, ಅಪ್ಪಂದಿರು ಆಸ್ತಿ ಪಾಲು ಮಾಡಿಕೊಂಡರು, ಗೋಡೆ ಎಲ್ಲಿ ಅಂತ ಇನ್ನೂ ಜಗಳ ಅಂದಿದ್ದ, ಆ ಬಡ್ಡಿಮಗನಿಗೆ ಅರ್ಥವೇ ಆಗಲಿಲ್ಲ, ನಾವಿಬ್ಬರೂ ಏಣಿ ಹಿಡಿದುಕೊಂಡು ಅರ್ಧ ಗಂಟೆ ನಕ್ಕೆವು.

ಒಂದೇ, ಎಲ್ಲ ಒಂದೇ, ಸಾಕಾಗಿ ಹೋಗಿದೆ ಈ ಮಾತು ಕೇಳಿ. ಕನ್ನಡ ಕೂಟದಲ್ಲಿ ಸತ್ಯಪ್ರಕಾಶ ಅಂಕಲ್, ಬಿಸಿಬೇಳೆಬಾತಿನ ಕ್ಯೂನಲ್ಲಿ ನಿಂತು, ಏನಪ್ಪಾ ಈಗ ಏನ್ ಮಾಡ್ತಿದ್ದೀಯ, ಕೇಬಲ್ ಎಳೀತೀನಿ ಅಂಕಲ್, ಓ ನೆಟ್‌ವರ್ಕಿಂಗಾ, ಅಲ್ಲ ಅಂಕಲ್, ಎಳೆಯೋದು, ಕೈಯಲ್ಲಿ — ಆಮೇಲೆ ಅವರಿಗೆ ತಟ್ಟೆಯ ಕಡೆಯೇ ಗಮನ. ಪಾರ್ಟ್ನರ್ ಪಾಕಿಸ್ತಾನದವನಂತೆ, ಹುಷಾರಪ್ಪ ಅಂದರು. ಎರಡೇ ನಿಮಿಷ ಬಿಟ್ಟು ಅವರ ಹೆಂಡತಿ, ಅಯ್ಯೋ ಬಿಡ್ರೀ, ದೇ ಆರ್ ಜಸ್ಟ್ ಲೈಕ್ ಅಸ್. ಹೌದು ಆಂಟಿ, ಜಸ್ಟ್ ಲೈಕ್ ಅಸ್, ಅವನನ್ನೂ ಅವನ ಮಸೀದಿಯ ಅಂಕಲ್‌ಗಳು ಹೀಗೇ ಕೇಳುತ್ತಾರೆ, ಬೇಟಾ ಕಾಲೇಜ್ ಯಾಕೆ ಬಿಟ್ಟೆ, ನಮ್ಮವನು ಡಾಕ್ಟರ್ ಓದಿ ರೆಸಿಡೆನ್ಸಿ ಮಾಡ್ತಿದ್ದಾನೆ ನೋಡು, ಎರಡನೇ ಸೆಮಿಸ್ಟರ್‌ನಲ್ಲಿ ಬಿಟ್ಟವನು ನಾನು, ಅವನು ಮೂರನೆಯದರಲ್ಲಿ, ಅದಕ್ಕೇ ಅವನಿಗೆ ಜಾಸ್ತಿ ಓದಿದ್ದೀನಿ ಅಂತ ಜಂಬ. ಬಾಗಿಲಲ್ಲಿ ಚಪ್ಪಲಿ ಬಿಡುವುದು ಒಂದೇ, ಐಸ್‌ಕ್ರೀಮ್ ಡಬ್ಬಿಯಲ್ಲಿ ಮಿಕ್ಕ ಸಾರು ಇಡುವುದು ಒಂದೇ, ಬೇಡ ಅಂದರೆ ಬೇಕು ಅಂತ ಅರ್ಥ ಮಾಡಿಕೊಂಡು ಮತ್ತೆ ಬಡಿಸುವುದು ಒಂದೇ. ಈ ಮೇ ತಿಂಗಳಲ್ಲಿ ಅಲ್ಲಿ ನಮ್ಮ ಎರಡೂ ದೇಶಗಳ ಡ್ರೋನು ಹಾರಿದ ಆ ನಾಲ್ಕು ದಿನ, ಅವನ ಫೋನು ಒಂದು ಕಡೆ ಕುಯ್ಯೋ ಅಂತಿತ್ತು ನನ್ನದು ಇನ್ನೊಂದು ಕಡೆ, ನಾವು ಎರಡನ್ನೂ ಟೂಲ್‌ಬಾಕ್ಸಿಗೆ ಹಾಕಿ ಮುಚ್ಚಳ ಮುಚ್ಚಿ ಕೆಲಸ ಮಾಡಿದೆವು, ಸಂಜೆ ಅವನ ಅಮ್ಮಿ ಆಲೂ ಪರಾಠಾ ಕಟ್ಟಿ ಕಳಿಸಿದ್ದರು, ನಿನ್ನ ಪಾತ್ರೆಯಲ್ಲೇ ಆಲೂ ಬೇಯಿಸಿದ್ದು ಬೇಟಾ ಅಂತ ಫೋನಿನಲ್ಲಿ ಕೂಗಿ ಹೇಳಿದರು. ಯುದ್ಧಕ್ಕೆ ಕೆಡಲಿಲ್ಲ. ಯುದ್ಧಕ್ಕೆ ಕೆಡದೇ ಇದ್ದದ್ದು ಒಂದು ಕಪ್ ಟೀಗೆ ಕೆಟ್ಟಿತಲ್ಲ, ಥೂ, ಯಾವ ಕರ್ಮ ಇದು.

ನನ್ನ ಪಾತ್ರೆ. ಸ್ಟೀಲಿನದು, ಉದ್ದ ಹಿಡಿ, ಪತೀಲಿ ಅನ್ನುತ್ತಿದ್ದರು ಅಮ್ಮಿ, ಮೊದಲ ಸಲ ಅವರ ಮನೆಗೆ ಹೋದಾಗ ನಾನು ಟೀ ಬೇಡ ಬೇಡ ಎಂದು ನುಲಿಯುತ್ತಿದ್ದುದನ್ನು ನೋಡಿ ಅರ್ಥ ಮಾಡಿಕೊಂಡರು, ಕೇಳಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ, ಮುಂದಿನ ಸಲ ಹೊಸ ಪಾತ್ರೆ, ಸ್ಟಿಕ್ಕರ್ ಇನ್ನೂ ಹಾಗೇ ಇತ್ತು, ನೋಡು, ಇದಕ್ಕೆ ಮಾಂಸದ ಗಾಳಿಯೂ ತಾಗಿಲ್ಲ, ಗುರುತಿಗೆ ಏನಾದರೂ ಕಟ್ಟು ಅಂದರು, ಜೇಬಿನಲ್ಲಿ ಹಸಿರು ಟೇಪು ಇತ್ತು, ನಾನೇ ಹಿಡಿಗೆ ಸುತ್ತಿದೆ, ಮೂರು ಸುತ್ತು. ಆಮೇಲೆ ಜುಬೈರ್ ಅದರಲ್ಲಿ ಮೊಟ್ಟೆ ಬೇಯಿಸಲು ಹೋದರೆ ಸೌಟಿನಲ್ಲಿ ಹೊಡೆಯುತ್ತಿದ್ದರಂತೆ.

ಅಮ್ಮಿ ತೀರಿಕೊಂಡ ಮಾರನೆಯ ದಿನ ನಾನು ಅವರ ಮನೆಗೆ ಹೊರಡುವಾಗ ನನ್ನಮ್ಮ ಅಳುತ್ತಲೇ ಇದ್ದಳು, ಅವಳಿಗೂ ಅಮ್ಮಿ ಅಂದರೆ ಇಷ್ಟ, ಹರಕು ಹಿಂದಿಯಲ್ಲಿ ಇಬ್ಬರೂ ಮಂಡಿನೋವಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದರು, ಅಳುತ್ತಳುತ್ತಲೇ ಹೇಳಿಕೊಟ್ಟಳು — ನೋಡೋ, ಸಾವಿನ ಮನೆ ಅದು, ಏನೂ ತಿನ್ಬೇಡ, ನೀರೂ ಕುಡೀಬೇಡ, ಹೊರಡ್ತಾ ಬರ್ತೀನಿ ಅಂತ ಮಾತ್ರ ಅನ್ಬೇಡ ಕಣಪ್ಪ, ಸುಮ್ನೆ ಎದ್ದು ಬಂದ್ಬಿಡು, ಬಂದು ಗರಾಜ್ ಕಡೆಯಿಂದ ಸೀದಾ ಸ್ನಾನಕ್ಕೆ ಹೋಗು. ಗೊತ್ತಮ್ಮಾ, ಚಿಕ್ಕಂದಿನಿಂದ ನೋಡಿದ್ದೀನಿ, ಮೈಸೂರಿನಲ್ಲಿ ತಾತ ಹೋದಾಗ ಬಂದವರೆಲ್ಲ ಹಾಗೇ ಮಾಡಿದ್ದು, ಮಾತಿಲ್ಲದೆ ಎದ್ದು ಹೋಗುವುದೇ ಮರ್ಯಾದೆ, ಮತ್ತೆ ಬರ್ತೀನಿ ಅಂದರೆ ಇನ್ನೊಂದು ಸಾವಿಗೆ ಬರ್ತೀನಿ ಅಂದ ಹಾಗೆ. ಸೆಂಟರ್‌ವಿಲ್‌ನ ಆ ಮನೆ, ಬಾಗಿಲಲ್ಲಿ ಚಪ್ಪಲಿ ರಾಶಿ, ನಮ್ಮದೇ ಮನೆಯಂತೆ, ನೆಲದ ಮೇಲೆ ಬಿಳಿ ಬಟ್ಟೆ, ನಡುವೆ ಖರ್ಜೂರದ ಬೀಜದ ಗುಡ್ಡೆ, ಒಂದೊಂದು ಬೀಜಕ್ಕೆ ಒಂದೊಂದು ಸಲ ಪ್ರಾರ್ಥನೆ ಹೇಳಿ ಆಚೆ ಸರಿಸುತ್ತಿದ್ದಾರೆ, ನನಗೆ ಬರುವುದು ಅಜ್ಜಿ ಕಲಿಸಿದ್ದೊಂದೇ, ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಇಪ್ಪತ್ತು ಬೀಜ ಸರಿಸಿದೆ, ಅಮ್ಮಿಗೆ ತಲುಪಿರಬಹುದು, ಅವರು ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವರಲ್ಲ. ಪಕ್ಕದಲ್ಲಿ ಜುಬೈರನ ಖಾಲಾ, ಅಮ್ಮಿಯ ತಂಗಿ, ಯಾರಿಗೋ ಹೇಳುತ್ತಿದ್ದರು, ಮೂರು ದಿನ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ, ಊಟ ಟೀ ಎಲ್ಲ ಅಕ್ಕಪಕ್ಕದವರೇ ತಂದುಕೊಡುತ್ತಾರೆ — ಅರೆ, ಇದೂ ಒಂದೇ ಅಂದುಕೊಂಡೆ, ನಮ್ಮಲ್ಲೂ ಹಾಗೇ ತಾನೆ, ಇದೂ ಒಂದಾದರೆ ಮಿಕ್ಕದ್ದೂ ಒಂದೇ ಇರಬೇಕು, ಏನು ದೊಡ್ಡ ವಿಚಾರವಂತ ನಾನು. ಆಗ ಅವನು ಬಂದ. ಬಿಳಿ ಕುರ್ತಾ, ಕಣ್ಣು ಊದಿಕೊಂಡಿದೆ, ಎಲ್ಲರೆದುರಿಗೂ ಕಾಗದದ ಕಪ್ಪಿದ್ದರೆ ನನ್ನ ಮುಂದೆ ಮಾತ್ರ ಪಿಂಗಾಣಿ ಕಪ್ಪು ಇಟ್ಟ, ಹೊಗೆಯಾಡುತ್ತಿತ್ತು, ಕುಡಿ ಶ್ರೇ ಅಂದ. ಬೇಡ ಯಾರ್. ಅರ್ಧ ಕುಡಿ. ಬೇಡ, ನೀರೂ ಬೇಡ ಅಂದೆ. ನೀರೂ ಬೇಡ! ಹೇಳಬಹುದಿತ್ತಲ್ಲ, ನಮ್ಮಲ್ಲಿ ಹೀಗೆ ಕಣೋ, ನಿನ್ನಮ್ಮನಿಗೆ ಮರ್ಯಾದೆ ಕೊಡುವುದೇ ಹೀಗೆ ಅಂತ, ಎರಡು ಮಾತು, ಆದರೆ ಒಂದೇ ಅಂದುಕೊಂಡವನು ಯಾಕೆ ಹೇಳುತ್ತಾನೆ, ಅವನಿಗೂ ಗೊತ್ತಿರುತ್ತದೆ ಅಂತ ಬಾಯಿ ಮುಚ್ಚಿಕೊಂಡು ಕೂತೆ, ಟೀ ಮೇಲೆ ಕೆನೆ ಕಟ್ಟಿತು, ಸುಕ್ಕಾಯಿತು, ಅವನು ಬಾಗಿಲಲ್ಲಿ ಯಾರನ್ನೋ ಬರಮಾಡಿಕೊಳ್ಳುತ್ತಾ ನನ್ನ ಕಪ್ಪನ್ನೇ ನೋಡುತ್ತಿದ್ದ, ನಾನು ಎದ್ದೆ, ಅವನ ಪಕ್ಕದಲ್ಲೇ ಹಾದು ಹೋದೆ, ತಲೆ ತಗ್ಗಿಸಿ, ಒಂದು ಮಾತಿಲ್ಲದೆ, ಖುದಾ ಹಾಫಿಜ್ ಕೂಡ ಇಲ್ಲದೆ, ಸರಿಯಾಗಿ ಮಾಡಿದೆ ಅಂತ ಒಳಗೊಳಗೇ ಹೆಮ್ಮೆ ಬೇರೆ. ಶೂ ಹಾಕಿಕೊಳ್ಳುವಾಗ ಅಡುಗೆಮನೆ ಕಾಣಿಸಿತು, ಬಿಸಿ ಟೇಪಿನ ವಾಸನೆ, ನನಗೆ ಗೊತ್ತಾಗದ ವಾಸನೆಯಾ ಅದು, ಟೇಪು ಸುಡುತ್ತಿದೆ, ಯಾರಾದರೂ ಆರಿಸಬಾರದಾ ಅಂದುಕೊಂಡೇ ಲೇಸು ಕಟ್ಟಿದೆ. ಮನೆಗೆ ಹೋಗಿ ಸ್ನಾನ ಮಾಡಿದೆ. ತಲೆಗೆ ನೀರು ಸುರಿದುಕೊಂಡು. ಏನು ಮಡಿ, ಏನು ಭಕ್ತಿ.

ಆಮೇಲೆ ಹೇಗಿದ್ದೀಯ, ಏನಾದರೂ ಬೇಕಾ ಅಂತ ಎಂಟು ಮೆಸೇಜು ಕಳಿಸಿದೆ, ಓದಿ ಹಾಗೇ ಬಿಟ್ಟ. ಅವನಿಗೂ ಬುದ್ಧಿ ಬೇಡವಾ, ನಾಲ್ಕು ವರ್ಷ ಒಂದೇ ಏಣಿ ಹತ್ತಿದ್ದೇವೆ, ಕೇಳಬಾರದಾ, ಯಾಕೋ ಹಾಗೆ ಮಾಡಿದೆ ಅಂತ ಕಾಲರ್ ಹಿಡಿದು ಕೇಳಬಾರದಾ, ಇದೂ ಒಂದೇ ನೋಡು, ಕೇಳದೆ ಮುಖ ಊದಿಸಿಕೊಳ್ಳುವುದು, ನಮ್ಮಪ್ಪನಂತೆಯೇ. ಈಗ ಹೇಳುತ್ತೇನೆ, ಡಗ್ ಬರುವ ಮುಂಚೆ, ಜುಬೈರ್, ಕೇಳು, ನಮ್ಮಲ್ಲಿ ಸಾವಿನ ಮನೆಯಲ್ಲಿ — ಕೊನೆಗೂ ಬಾಯಿಬಿಟ್ಟೆ — ಕೇಳಿಲ್ಲಿ ಯಾರ್, ಅವತ್ತು ನಾನು, ನಮ್ಮ ಕಡೆ ಏನು ಅಂದರೆ — ಅಷ್ಟಕ್ಕೇ ಅವನು ಮುಚ್ಚಳವನ್ನು ಫ್ಲಾಸ್ಕಿಗೆ ತಿರುಗಿಸಿದ, ಕಿರ್ ಕಿರ್ ಕಿರ್, ಬಾಗಿಲು ತೆಗೆದ, ಒಂದು ಕಾಲು ಕೆಳಗಿಟ್ಟು, ಗೋಡೆಗೆ ಹೇಳುವ ಹಾಗೆ, ಅದು ಪಕ್ಕದ ಮನೆಯವರ ಟೀ ಅಲ್ಲ ಶ್ರೇ ಅಂದ. ಅಷ್ಟೇ. ದಡಾರ್. ಡಗ್ ಕೈ ಬೀಸುತ್ತಿದ್ದಾನೆ, ಮಾರ್ನಿಂಗ್ ಶ್ರೇಯಸ್ ಅನ್ನುತ್ತಿದ್ದಾನೆ ಅವನಿಗೆ, ಅವನು ತಿದ್ದುತ್ತಿಲ್ಲ. ಇಳಿಯಬೇಕು ನಾನು. ಪಕ್ಕದ ಮನೆಯದಲ್ಲ ಅಂದರೆ — ಪಕ್ಕದ ಮನೆಯವರ ಪಾತ್ರೆಯಲ್ಲಿ ಏನು ಬೆಂದಿರುತ್ತದೋ, ಶ್ರೇಯಸ್‌ಗೆ ಆಗುವುದಿಲ್ಲ ಅಂತ — ಮೂರು ದಿನ ಒಲೆ ಹಚ್ಚುವುದಿಲ್ಲ ಅಂದಿದ್ದರಲ್ಲ ಖಾಲಾ, ಹಚ್ಚುವುದಿಲ್ಲ, ಎರಡನೇ ದಿನ ಅದು, ಅಮ್ಮಿಯನ್ನು ಮಣ್ಣು ಮಾಡಿ ಬಂದ ಮಾರನೇ ದಿನ, ಅಷ್ಟು ಜನ ನೆಂಟರ ಎದುರು, ನಾನು ನನ್ನ ಪದ್ಧತಿ ಉಳಿಸಿಕೊಂಡೆ, ಅವನು ತನ್ನದನ್ನು ನನಗೋಸ್ಕರ — ಲೇಸು ಕಟ್ಟುತ್ತಾ ನಾನು ನೋಡಿದ್ದೆ, ನೋಡಿದ್ದೆ, ನಾಲ್ಕು ಒಲೆಯಲ್ಲಿ ಮೂರು ಆರಿದ್ದವು, ಒಂದು ಉರಿಯುತ್ತಿತ್ತು, ನೀಲಿಯಾಗಿ, ಅದರ ಮೇಲೆ ಪುಟ್ಟ ಪಾತ್ರೆ, ಅದರ ಹಿಡಿಗೆ ಹಸಿರು ಟೇಪು, ಮೂರು ಸುತ್ತು, ಹಸಿರು ಟೇಪು