ಅಂಗೈಯ ನೀರು

೨೦೦೩ರ ಬೇಸಿಗೆ. ಮೈಲಾಪೂರಿನ ಹರಿದಾಸರಾಯರ ಹಿತ್ತಲಿಗೆ ಬೋರ್ ಕೊರೆಯುವ ಲಾರಿ ಮತ್ತೆ ಬಂದು ನಿಂತಿತ್ತು. ಅವರಪ್ಪ ತೋಡಿಸಿದ ಬಾವಿಯಲ್ಲಿ ಒಂದು ಕಾಲಕ್ಕೆ ಬಗ್ಗಿದರೆ ಕೊಡ ತುಂಬುತ್ತಿತ್ತು. ಅದು ಬತ್ತಿದಾಗ ರಾಯರು ಬೋರ್ ಹಾಕಿಸಿ, ಬಾವಿಗೆ ಕಸ ತುಂಬಿ ಮುಚ್ಚಿಸಿದ್ದರು, ಅದನ್ನೇ ಜಾಣತನವೆಂದುಕೊಂಡಿದ್ದರು. ಈಗ ಬೋರೂ ಒಣಗಿತ್ತು. ಈ ಸಲ ಇನ್ನೂ ಆಳಕ್ಕೆ ಹೋಗಬೇಕು.

ಕೊರೆಯುವ ಮುಂಚೆ ಗಂಗಾಪೂಜೆ. ರಾಯರು ಅಂಗೈಯಲ್ಲಿ ನೀರು ಹಿಡಿದು, ಪುರೋಹಿತರು ಹೇಳಿಕೊಟ್ಟ ಸಂಕಲ್ಪ ಒಪ್ಪಿಸಿದರು: "ಪುತ್ರಪೌತ್ರಾಭಿವೃದ್ಧ್ಯರ್ಥಂ..."

"ಹಾಗಂದ್ರೇನು ತಾತಾ?" ಎಂದಳು ಮೊಮ್ಮಗಳು ವೃಂದಾ.

"ಮಕ್ಕಳು ಮೊಮ್ಮಕ್ಕಳು ಚೆನ್ನಾಗಿರ್ಲಿ ಅಂತ ಕಣೇ."

ಅವಳು ಲಾರಿಯ ಮೇಲಿನ ಉದ್ದುದ್ದ ಪೈಪುಗಳನ್ನು ನೋಡಿದಳು. "ಹಾಗಾದ್ರೆ, ನಾನು ದೊಡ್ಡವಳಾದ್ಮೇಲೆ ಎಷ್ಟು ಆಳ ಕೊರೀಬೇಕು?"

ರಾಯರು ಅಂಗೈಯ ನೀರನ್ನು ನೋಡಿದರು. ಕೊರೆಯದಿದ್ದರೆ ಇವಳ ಇವತ್ತಿನ ಸ್ನಾನಕ್ಕೇ ನೀರಿಲ್ಲ. ಕೊರೆದರೆ ಇವಳ ಪಾಲಿನದನ್ನೇ ಎತ್ತಿದಂತೆ. ಬೇಡವೆಂದು ತಾನು ಸುಮ್ಮನಿದ್ದರೆ ಪಕ್ಕದ ಫ್ಲಾಟಿನವರು ಕೊರೆಯದೆ ಬಿಟ್ಟಾರೆಯೇ?

"ನೀರು ಬಿಡಿ ರಾಯರೇ, ಸಂಕಲ್ಪ ಮುಗೀಲಿ," ಪುರೋಹಿತರು ಅವಸರಪಡಿಸಿದರು. "ಲಾರಿಯವ್ರು ಕಾಯ್ತಿದಾರೆ."

ಬಿಡಬೇಕೋ ಬೇಡವೋ ತಿಳಿಯದೆ ರಾಯರು ಮುಷ್ಟಿ ಬಿಗಿಹಿಡಿದರು. ಬೆರಳ ಸಂದಿಯಿಂದ ನೀರು ತಾನಾಗಿಯೇ ಸೋರಿಹೋಯಿತು.

"ಆಯ್ತು," ಎಂದು ಪುರೋಹಿತರು ಲಾರಿಯತ್ತ ಕೈ ಬೀಸಿದರು.