ಅವರೆಕಾಯಿಯ ಚೀಲ

ಮುನಿಲಕ್ಷ್ಮಮ್ಮ ಬಾಯಿ ತೆರೆದ ಕೂಡಲೇ ಕೆಟ್ಟ ವಾಸನೆ ಬಂತು. ಡಾಕ್ಟರ್ ರೇವಣಸಿದ್ದಪ್ಪ ಪುಟ್ಟ ಕನ್ನಡಿ ಹಿಡಿದು ನೋಡಿದ. ಕೆಳಗಿನ ದವಡೆ ಹಲ್ಲಿನ ಸುತ್ತ ವಸಡು ಬೂದುಬಣ್ಣಕ್ಕೆ ತಿರುಗಿ, ಒಳಗಿನ ಮೂಳೆ ಕಾಣುತ್ತಿತ್ತು. ಪಕ್ಕದ ಹಲ್ಲೂ ಅಲುಗಾಡುತ್ತಿತ್ತು. ಹದಿನೈದು ದಿನದ ಹಿಂದೆ ಆ ಹಲ್ಲಿನೊಳಗೆ ಔಷಧಿ ಇಟ್ಟವನು ಅವನೇ.

ಔಷಧಿ ಅನ್ನುವುದು ಅವನ ಮಾತು. ಅದು ಪಾಷಾಣ. ಸಾಸಿವೆ ಕಾಳಿಗಿಂತ ಚಿಕ್ಕದು, ಹಲ್ಲಿನ ನರವನ್ನು ಕೊಲ್ಲುತ್ತದೆ. ಮೂರನೆಯ ದಿನ ಅದನ್ನು ತೆಗೆದು, ಬೇರಿನ ಒಳಗನ್ನು ತೊಳೆದು ತುಂಬಬೇಕು. ತೆಗೆಯದಿದ್ದರೆ ಅದು ಸುಮ್ಮನಿರುವುದಿಲ್ಲ, ವಸಡಿಗೂ ಮೂಳೆಗೂ ಇಳಿಯುತ್ತದೆ. ಪಾಷಾಣ ಎಂದರೆ ಸುಂಕದಕಟ್ಟೆ ಕಡೆಯ ಹೆಂಗಸರು ಕುರ್ಚಿ ಬಿಟ್ಟು ಓಡಿಹೋಗುತ್ತಾರೆಂದು ಅವನು ಎಲ್ಲರಿಗೂ ಔಷಧಿ ಎಂದೇ ಹೇಳುತ್ತಿದ್ದ. ಇಂಥ ದಿನ ಬನ್ನಿ ಅನ್ನುತ್ತಿದ್ದ; ಮುನಿಲಕ್ಷ್ಮಮ್ಮನಿಗೆ ಗುರುವಾರ ಅಂದಿದ್ದ. ಬರದಿದ್ದರೆ ಏನಾಗುತ್ತದೆಂದು ಮಾತ್ರ ಬಾಯಿಬಿಡುತ್ತಿರಲಿಲ್ಲ.

"ಹೇಳಿದ ದಿನ ಬರೋಕೆ ಏನಮ್ಮ ನಿಮಗೆ?" ಎಂದು ಗದರಿದ. ಪರದೆಯಾಚೆ ಬೆಂಚಿನ ಮೇಲಿದ್ದ ನಾಲ್ಕು ಜನಕ್ಕೂ ಕೇಳಲಿ ಅಂತಲೇ ದನಿ ಏರಿಸಿದ್ದ. "ನೋವು ಹೋಯ್ತು ಅಂತ ಮನೇಲಿ ಕೂತ್ಬಿಡ್ತೀರ. ಆಮೇಲೆ ಡಾಕ್ಟ್ರು ಸರಿಯಿಲ್ಲ ಅಂತೀರ."

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬಂದಿದ್ನಲ್ಲಾ ಸಾಮಿ. ಗುರುವಾರ ಬೀಗ ಹಾಕಿತ್ತು. ಸುಕ್ರವಾರನೂ ಬಂದೆ. ಶನಿವಾರ ಮಧ್ಯಾಹ್ನದ ಗಂಟ ಮೆಟ್ಲ ಮೇಲೇ ಕೂತಿದ್ದೆ. ನಿಮಗೆ ಅಂತ ತಂದಿದ್ದ ಅವರೆಕಾಯಿ ಚಿಲಕಕ್ಕೆ ನೇತಾಕಿ ಹೋದೆ. ಆಮೇಲೆ ನೋವಿರ್ಲಿಲ್ಲ, ವಾಸಿ ಆಯ್ತು ಅನ್ಕೊಂಡೆ. ನಂದೇ ತಪ್ಪು ಬುಡಿ."

ರೇವಣಸಿದ್ದಪ್ಪನ ಕೈ ನಿಂತುಹೋಯಿತು. ಅಣ್ಣನ ಮನೆಯ ಗೃಹಪ್ರವೇಶಕ್ಕೆಂದು ಹೆಂಡತಿಯೊಡನೆ ದಾವಣಗೆರೆಗೆ ಹೋದವನು ಒಂದು ದಿನಕ್ಕೆ ಬದಲು ನಾಲ್ಕು ದಿನ ಉಳಿದಿದ್ದ. ಬಾಗಿಲಿಗೊಂದು ಚೀಟಿ ಅಂಟಿಸಲೂ ತೋಚಿರಲಿಲ್ಲ. ಭಾನುವಾರ ವಾಪಸು ಬಂದಾಗ ಚಿಲಕದಲ್ಲಿ ಹಸಿರು ಪಟ್ಟೆಯ ಚೀಲ ತೂಗುತ್ತಿತ್ತು. "ನೋಡಿದ್ಯಾ, ರಾಜಾಜಿನಗರದಲ್ಲಿ ನನಗಿರೋ ಹೆಸರು" ಎಂದು ಹೆಂಡತಿ ಜಗದಾಂಬಾ ಎದುರು ಬೀಗಿದ್ದ. ಅವಳು ಮಾಡಿದ ಸಾರನ್ನು ಎರಡೆರಡು ಸಲ ಬಡಿಸಿಕೊಂಡಿದ್ದ.

ನಂದೇ ತಪ್ಪು ಅಂದಳಲ್ಲ, ಆ ಮಾತು ಹಾಗೇ ಇರಲಿ ಅನ್ನಿಸಿತು ಅವನಿಗೆ. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಸಿರಿಂಜಿಗೆ ಕೈ ಹಾಕಿದ. ಇಂಜೆಕ್ಷನ್ ಕೊಟ್ಟು ಎರಡು ಹಲ್ಲನ್ನೂ ಕಿತ್ತ. ಹುಣಸೆಬೀಜದಷ್ಟು ಸತ್ತ ಮೂಳೆ ತಟ್ಟೆಗೆ ಬಿತ್ತು. ಮುನಿಲಕ್ಷ್ಮಮ್ಮ ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದುಕೊಂಡಿದ್ದಳೇ ಹೊರತು ಒಂದು ಸಲವೂ ನರಳಲಿಲ್ಲ.

ಹೊರಡುವಾಗ ಬೆಂಚಿನ ಹತ್ತಿರ ನಿಂತಳು. "ಆ ಚೀಲ ಇದ್ರೆ ಕೊಡಿ ಸಾಮಿ. ನನ್ ಮಗಳು ಹೊಲ್ದಿದ್ದು."

ಬೆಂಚಿನವರು ತಲೆಯೆತ್ತಿದರು. ಯಾವ ಚೀಲ ಎಂದು ರೇವಣಸಿದ್ದಪ್ಪ ಕೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು ಕ್ಲಿನಿಕ್ಕಿನ ಹಿಂಭಾಗದಲ್ಲೇ ಇದ್ದ ತನ್ನ ಮನೆಯೊಳಗೆ ಹೋದ. ಜಗದಾಂಬಾ ಅದರಲ್ಲಿ ಈರುಳ್ಳಿ ತುಂಬಿಟ್ಟಿದ್ದಳು. ಈರುಳ್ಳಿಯನ್ನೆಲ್ಲ ನೆಲಕ್ಕೆ ಸುರಿದ.

"ಅಯ್ಯೋ, ಏನ್ರೀ ಇದು?" ಅಂದಳು ಅವಳು.

"ಕೊಟ್ಟೋರು ಬಂದಿದಾರೆ."

ಚೀಲ ಕೊಡವಿ ಮಡಿಸಿಕೊಂಡು ಪರದೆಯ ಹಿಂದೆ ಒಂದು ಗಳಿಗೆ ನಿಂತ. ಹೊರಗೆ ಬಂದು, ಗದರಿದಾಗ ಇದ್ದಷ್ಟೇ ಗಟ್ಟಿಯಾಗಿ ಹೇಳಿದ: "ನೀವು ಮೂರು ದಿನ ಬಂದಿದ್ರಿ ಅಮ್ಮ. ನಾನಿರ್ಲಿಲ್ಲ. ನಾನಿಟ್ಟಿದ್ದು ಪಾಷಾಣ, ಅದನ್ನೂ ನಿಮಗೆ ಹೇಳ್ಲಿಲ್ಲ. ತಪ್ಪು ನಂದು."

ಬೆಂಚಿನ ಮೇಲೆ ಕೆನ್ನೆಗೆ ಕೈಯೊತ್ತಿಕೊಂಡಿದ್ದವನೊಬ್ಬ ಮೆಲ್ಲಗೆ ಎದ್ದು ಚಪ್ಪಲಿ ಮೆಟ್ಟಿ ಹೊರಟ.

ಮುನಿಲಕ್ಷ್ಮಮ್ಮ ಚೀಲ ಇಸಿದುಕೊಂಡು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಕಾಯಿ ಎಳೇವಿದ್ವಾ ಸಾಮಿ?" ಹತ್ತಿ ಕಚ್ಚಿಕೊಂಡೇ ಕೇಳಿದಳು. "ಈ ಸಲ ನನಗೆ ಅಗಿಯಾಕಾಗ್ಲಿಲ್ಲ."

"ಎಳೇವಿದ್ವು" ಅಂದ ಅವನು.